ಮುಕಾದಮನ ಅರ್ಧ ಸೌಟು

ಮೊನ್ನೆ ನವಿ ಮುಂಬಯಿಯ ನೆರೂಳದಲ್ಲಿ ಒಂದು ನಾಮಕರಣವಿತ್ತು. ಹೊರಗೆ ಜಡಿಮಳೆ, ಒಳಗೆ ಲಿಫ್ಟ್ ಬಂದ್. ಮೆಟ್ಟಿಲು ಹತ್ತುತ್ತಿದ್ದಾಗ ಎರಡನೆಯ ಮಹಡಿಯ ತಿರುವಿನಲ್ಲಿ ಯಾರದೋ ಮನೆಯೊಳಗಿನಿಂದ ನೋವಿನ ಮುಲಾಮಿನ ಘಾಟು ಬಂತು. ಅದೇ ಹೊತ್ತಿಗೆ ಮೇಲಿನಿಂದ ಕಡಲೆಬೇಳೆ ಪಾಯಸದ ಬೆಲ್ಲ ಕುದಿಯುವ ವಾಸನೆ ಇಳಿಯಿತು. ಎರಡೂ ಒಂದರೊಳಗೊಂದು ಸೇರಿದ ಗಳಿಗೆಯಲ್ಲಿ ನಾನು ಕಂಬಿ ಹಿಡಿದು ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಹುಡುಗಿ ಗಾಬರಿಯಿಂದ, "ಆಂಟಿ, ಆರ್ ಯು ಓಕೆ?" ಎಂದಳು.

"ಪರ್ಫೆಕ್ಟ್‌ಲಿ ಓಕೆ, ಡಿಯರ್. ಕುಸ್ತಿ ನೆನಪಾಯಿತು, ಅಷ್ಟೆ."

ಪಾಪದ ಮಗು, ನನ್ನ ಮೊಣಕೈ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು.

ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಮುಂಬಯಿ ಪಕ್ಕದ ಠಾಣೆಗೆ ಬಂದು, ಇಲ್ಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಇಂಗ್ಲಿಷೂ ಎಲೊಕ್ಯೂಷನ್ನೂ ಕಲಿಸುತ್ತ ತಲೆ ನೆರೆಸಿಕೊಂಡ ನನಗೂ ಕುಸ್ತಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಕೆಲವು ವರ್ಷಗಳ ಹಿಂದಿನ ಒಂದೇ ಒಂದು ಮಳೆಗಾಲದ ಸಂಬಂಧ ಅದು. ನನ್ನ ಯಜಮಾನರು ತೀರಿಕೊಂಡ ಮರುವರ್ಷ. ಠಾಣೆಯ ನೌಪಾಡಾದ ನನ್ನ ಫ್ಲ್ಯಾಟಿನಲ್ಲಿ ಆದಿತ್ಯವಾರಗಳು ವಿಪರೀತ ಉದ್ದವಾಗಿದ್ದವು.

ನನ್ನ ಅಕ್ಕನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಭಾಸ್ಕರ, ಕಿರಿಯವನು ಸುಧಾಕರ. ಡೊಂಬಿವಲಿ ಪೂರ್ವದಲ್ಲಿ ಅವರ ಹೋಟೆಲು, ಅದರ ಮೇಲೆ ಮದುವೆಯ ಹಾಲ್. ಹಾಲ್ ಬುಕ್ ಮಾಡುವವರು ಹೆಚ್ಚಾಗಿ ಮರಾಠಿಗರು. ಆಷಾಢ ಏಕಾದಶಿಯಿಂದ ತುಳಸಿ ಪೂಜೆಯವರೆಗೆ ಅವರಲ್ಲಿ ಮದುವೆಯಿಲ್ಲ. ಆ ನಾಲ್ಕು ತಿಂಗಳು ಹಾಲಿನ ಕುರ್ಚಿಗಳು ಒಂದರ ಮೇಲೊಂದು ಹತ್ತಿ ಧೂಳು ತಿನ್ನುತ್ತವೆ. ಭಾಸ್ಕರ ಅದನ್ನು ಎಂಟ್ರೆನ್ಸ್ ಪರೀಕ್ಷೆಯ ಕೋಚಿಂಗ್ ಕ್ಲಾಸಿನವರಿಗೆ ಕಾಯಮ್ಮಾಗಿ ಕೊಟ್ಟುಬಿಡುವ ಯೋಚನೆಯಲ್ಲಿದ್ದ. ಸುಧಾಕರನ ತಲೆಯಲ್ಲಿ ಬೇರೆಯೇ ಹುಳ. ಅವನು ಚಿಕ್ಕಂದಿನಿಂದಲೂ ಟಿವಿ ಕುಸ್ತಿಯ ಹುಚ್ಚ.

"ಚಿಕ್ಕಮ್ಮ, ಒಂದು ಕಂಪನಿ ಮಾಡ್ತಾ ಇದ್ದೇನೆ. ಪ್ರೊಫೆಷನಲ್ ರೆಸ್ಲಿಂಗ್. ಮಂಟಪ ಹಾಕುವ ಜಾಗದಲ್ಲಿ ರಿಂಗು. ಪ್ರತಿ ಆದಿತ್ಯವಾರ ಶೋ," ಎಂದು ಫೋನಿನಲ್ಲಿ ಕಿರುಚಿದ.

"ಅದೆಲ್ಲ ಫೇಕ್ ಅಲ್ವಾ ಮಾರಾಯ?"

"ಯಕ್ಷಗಾನದಲ್ಲಿ ದುಶ್ಶಾಸನ ನಿಜವಾಗಿ ಸಾಯ್ತಾನಾ? ಬೀಳೋದು ನಿಜ, ಪೆಟ್ಟು ನಿಜ. ಯಾರು ಗೆಲ್ಲೋದು ಅಂತ ಮಾತ್ರ ಮೊದಲೇ ಮಾತಾಡಿಕೊಳ್ಳೋದು. ಅದಿರಲಿ, ನಮ್ಮ ಪೈಲ್ವಾನರಿಗೆ ಮೈಕ್ ಹಿಡಿದು ಮಾತಾಡ್ಲಿಕ್ಕೆ ಬರೋದಿಲ್ಲ. ನೀವು ಕಲಿಸ್ಬೇಕು."

ಭಾಸ್ಕರ ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. "ನವರಾತ್ರಿಯವರೆಗೆ ಆಡಿ. ಅಷ್ಟರೊಳಗೆ ಒಂದು ಆದಿತ್ಯವಾರವಾದರೂ ಹಾಲ್ ತುಂಬಿದ್ದು ನನ್ನ ಕಣ್ಣಿಗೆ ಬಿದ್ದರೆ ಸರಿ. ಇಲ್ಲದಿದ್ದರೆ ರಿಂಗ್ ಬಿಚ್ಚಿ ಬೆಂಚು ಹಾಕುವುದು." ಅಣ್ಣನ ಮಾತು ಮುಗಿದ ಮೇಲೆ ಸುಧಾಕರನಿಗೆ ತುಟಿ ಬಿಚ್ಚುವ ಅಭ್ಯಾಸವಿರಲಿಲ್ಲ. ಆದರೆ ಹೊರಗೆ ಬಂದು ನನ್ನೊಡನೆ, "ಇದೊಂದು ನನ್ನ ಕೈಯಾರೆ ಆಗ್ಬೇಕು ಚಿಕ್ಕಮ್ಮ. ಹುಟ್ಟಿದಾಗಿನಿಂದ ಅಣ್ಣನ ಹೋಟೆಲಿನಲ್ಲಿ ತಮ್ಮನಾಗಿಯೇ ಇದ್ದೇನೆ," ಎಂದ. ನಲವತ್ತು ದಾಟಿದ ಗಂಡಸು ಹಾಗೆ ಹೇಳಿದರೆ ಇಲ್ಲ ಎನ್ನುವುದು ಹೇಗೆ?

ಹಾಗೆ ನನ್ನ ಡ್ರಾಯಿಂಗ್ ರೂಮಿಗೆ ಇಬ್ಬರು ಪೈಲ್ವಾನರು ಬಂದರು. ಒಬ್ಬ ಮಲ್ಲಣ್ಣ, ವಿಜಯಪುರದ ಕಡೆಯವನು, ಕಲ್ಯಾಣದ ಗೋದಾಮಿನಲ್ಲಿ ಮೂಟೆ ಹೊರುವವನು. ಊರಿನ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಮೈ. ಅವನು ನಮ್ಮ ಹೀರೋ. ಇನ್ನೊಬ್ಬ ಯೋಗೀಶ, ಉಡುಪಿಯ ಹತ್ತಿರದವನು, ಭಾಸ್ಕರನ ಹೋಟೆಲಿನಲ್ಲೇ ಕ್ಯಾಷಿಯರ್. ಆರಡಿ ಮೇಲೆ ಎತ್ತರ, ದಪ್ಪ ಹುಬ್ಬು, ನೋಡಿದರೆ ಹೆದರಿಕೆಯಾಗಬೇಕು. ಬಾಯಿ ತೆರೆದರೆ ಮಾತ್ರ ದೇವಸ್ಥಾನದ ಮಾಣಿ. ಅವನು ನಮ್ಮ ವಿಲನ್. ಇಬ್ಬರೂ ನನ್ನನ್ನು ಮಿಸ್ ಎಂದು ಕರೆಯುತ್ತಿದ್ದರು.

ಆಗ ಟಿವಿಯಲ್ಲಿ ಒಂದು ದೊಡ್ಡ ಕಂಪನಿಯ ಕುಸ್ತಿ ಬರುತ್ತಿತ್ತು. ನವಿ ಮುಂಬಯಿಯ ಸ್ಟೇಡಿಯಮ್ಮಿನಲ್ಲಿ ಅವರ ಶೋ. ಬೆಂಕಿಯ ಕಾರಂಜಿ, ಲೇಸರ್ ದೀಪ, ಪೈಲ್ವಾನರ ಮುಖ ಮನೆಯಷ್ಟು ದೊಡ್ಡದಾಗಿ ಕಾಣುವ ಪರದೆ. ಸುಧಾಕರನಿಗೆ ಎಲ್ಲವೂ ಹಾಗೆಯೇ ಬೇಕಾಗಿತ್ತು. ಯೋಗೀಶನಿಗೆ ಡೆತ್ ಮಷೀನ್ ಎಂದು ಹೆಸರಿಟ್ಟ. ನಾನೂ ಉತ್ಸಾಹದಿಂದ ಇಂಗ್ಲಿಷ್ ಡೈಲಾಗ್ ಬರೆದು ಕೊಟ್ಟೆ. ಯೋಗೀಶ ಕಣ್ಣು ಮುಚ್ಚಿ, ಕೈ ಕಟ್ಟಿ, "ಐ ಯಾಮ್ ಯುವರ್ ನೈಟ್‌ಮೇರ್" ಎಂದು ಬಾಯಿಪಾಠ ಒಪ್ಪಿಸುತ್ತಿದ್ದ.

"ಕೈ ಕಟ್ಟಬಾರದು ಯೋಗೀಶ. ನೀನು ಹೆದರಿಸಬೇಕು."

"ಹಿರಿಯರ ಎದುರಿಗೆ ಹೇಗೆ ಮಿಸ್..."

"ಮಧ್ಯೆ ಒಂದು ಪಾಸ್ ಕೊಡು. ಮಾತು ತಡೆದು ಸುಮ್ಮನೆ ನಿಲ್ಲು. ಜನ ಕಾಯಬೇಕು." ನನ್ನ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳಿಕೊಟ್ಟ ಪಾಠ ಅದು, ಮಾತು ಎಲ್ಲರಿಗೂ ಬರುತ್ತದೆ, ತಡೆದು ನಿಲ್ಲುವುದು ಕಲಿಯಬೇಕು ಎನ್ನುತ್ತಿದ್ದರು. ಮಲ್ಲಣ್ಣ ಮೂಲೆಯಲ್ಲಿ ಕೂತು ಚಕ್ಕುಲಿ ಜಗಿಯುತ್ತ, "ಯೋಗ್ಯಾ, ನಿಂದರು ಅಂದರ ನಿಂದರಲೇ. ಪಾಸ್ ಅಂದ ಕೂಡಲೇ ಬಚ್ಚಲಕ್ಕ ಹೋಗಬ್ಯಾಡ," ಎಂದು ನಗಿಸುತ್ತಿದ್ದ.

ಮೊದಲ ಆದಿತ್ಯವಾರಗಳನ್ನು ನೆನೆದರೆ ಈಗಲೂ ಅಯ್ಯೋ ಎನ್ನಿಸುತ್ತದೆ. ಬೆಂಕಿಯ ಕಾರಂಜಿಯ ಬದಲು ಸುಧಾಕರ ಹೊಗೆಯ ಯಂತ್ರ ತಂದಿದ್ದ. ಹಾಲಿನ ಪಕ್ಕದ ಅಡುಗೆಮನೆಯಲ್ಲಿ ಮೆಣಸಿನ ಒಗ್ಗರಣೆ ಬಿದ್ದ ಹೊತ್ತಿಗೇ ಇವನ ಹೊಗೆಯೂ ಎದ್ದು, ಡೆತ್ ಮಷೀನ್ ಕೆಮ್ಮುತ್ತ ರಿಂಗ್ ಪ್ರವೇಶ ಮಾಡಿದ. ಮುಂದಿನ ಎರಡು ಸಾಲೂ ತುಂಬಿರಲಿಲ್ಲ. ಬಂದವರೂ ಮಲ್ಲಣ್ಣನ ಪರಿಚಯದವರು, ಕಲ್ಯಾಣದಲ್ಲಿ ಕಟ್ಟಡದ ಕೆಲಸ ಮಾಡುವ ಕಲಬುರಗಿ ಕಡೆಯ ಒಂದು ತಂಡ. ಅವರ ಮುಂದಾಳು ಭೀಮವ್ವ ಎಂಬ ಹೆಂಗಸು. ಇಟ್ಟಿಗೆ ಹೊತ್ತು ಹೊತ್ತು ಕತ್ತು ನೆಟ್ಟಗೆ ನಿಂತುಬಿಟ್ಟಿತ್ತು, ರಾಣಿಯ ಹಾಗೆ ಕಾಣುತ್ತಿದ್ದಳು. ಯೋಗೀಶನ ಇಂಗ್ಲಿಷ್ ಮುಗಿದ ಮೇಲೆ ಅವಳು ನನ್ನ ಕಡೆ ಬಾಗಿ ಕೇಳಿದ್ದು ನೆನಪಿದೆ: "ಯವ್ವಾ, ಆ ತಮ್ಮಗ ಮೈಯಾಗ ಆರಾಮಿಲ್ಲೇನ್ರಿ?"

ಜನ ಬರುತ್ತಿದ್ದುದು ಊಟಕ್ಕೆ. ಆ ಹಾಲಿಗೆ ಬಂದವರು ಉಣ್ಣದೆ ಹೋಗಬಾರದು ಎಂಬುದು ನನ್ನ ಅಕ್ಕನ ಕಾಲದ ನಿಯಮ, ಭಾಸ್ಕರ ಅದನ್ನು ಕುಸ್ತಿಗೂ ಬಿಡಲಿಲ್ಲ. ಟಿಕೆಟ್ ಎಂದರೆ ಬಾಳೆಲೆ ಊಟ ಸೇರಿಯೇ. ಮದುವೆ ಇಲ್ಲದ ಕಾಲದಲ್ಲಿ ಬಡಿಸುವ ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ. ಆದ್ದರಿಂದ ಕುಸ್ತಿ ಮುಗಿಸಿದ ಪೈಲ್ವಾನರೇ ಮುಲಾಮು ತಿಕ್ಕಿಕೊಂಡು, ಪಂಚೆ ಉಟ್ಟು, ಬಕೆಟು ಹಿಡಿದು ಪಂಕ್ತಿಗೆ ಇಳಿಯುತ್ತಿದ್ದರು. ಈಗಷ್ಟೇ ಮಲ್ಲಣ್ಣನ ಕತ್ತು ಹಿಸುಕಿದ ಯೋಗೀಶ, "ಇನ್ನೊಂಚೂರು ಹಾಕಿಸಿಕೊಳ್ಳಿ ಅಮ್ಮ, ನಾಚ್ಕೊಳ್ಬೇಡಿ" ಎಂದು ಸಾಂಬಾರು ಸುರಿಯುತ್ತಿದ್ದ. ಮರುವಾರ ಅವನು ರಿಂಗಿಗೆ ಬಂದಾಗ ಜನ ಪ್ರೀತಿಯಿಂದ ಕೈಬೀಸಿದರು. ವಿಲನ್ ಕೂಡ ಕೈಬೀಸಿದ. ಸುಧಾಕರ ತಲೆ ಮೇಲೆ ಕೈಹೊತ್ತು ಕೂತ.

ಶ್ರಾವಣ ಬಂತು. ನಾನು ಪ್ರತಿ ಆದಿತ್ಯವಾರ ಸ್ಲೋ ಲೋಕಲ್ಲಿನಲ್ಲೇ ಡೊಂಬಿವಲಿಗೆ ಹೋಗುತ್ತಿದ್ದೆ. ಫಾಸ್ಟ್ ಗಾಡಿ ಸುರಂಗದೊಳಗೆ ನುಗ್ಗಿ ಹೋಗುತ್ತದೆ, ಸ್ಲೋ ಗಾಡಿಯಲ್ಲಾದರೆ ಮುಂಬ್ರಾದ ಬೆಟ್ಟದಿಂದ ಬಿಳಿ ನೀರು ದಾರದ ಹಾಗೆ ಇಳಿಯುವುದು ಕಾಣುತ್ತದೆ. ಲೇಡೀಸ್ ಡಬ್ಬಿಯಲ್ಲಿ ಒದ್ದೆ ಕೊಡೆಗಳ ನಡುವೆ ಕೂತು ಡೈಲಾಗ್ ತಿದ್ದುತ್ತಿದ್ದೆ. ಪಕ್ಕದವರು ಇಣುಕಿ ನೋಡಿ, "ಐ ವಿಲ್ ಬ್ರೇಕ್ ಯುವರ್ ಸ್ಪೈನ್" ಎಂಬುದನ್ನು ಓದಿ, ಮೆಲ್ಲಗೆ ಆಚೆ ಸರಿಯುತ್ತಿದ್ದರು. ಟು ಬಿ ಫೇರ್, ನಾನು ಅಷ್ಟು ಖುಷಿಯಾಗಿ ಬಹಳ ದಿನವಾಗಿತ್ತು.

ಅಂಥ ಒಂದು ಆದಿತ್ಯವಾರ ಅಡುಗೆಮನೆಯಲ್ಲಿ ಪಾಯಸ ತಳ ಹಿಡಿಯಿತು. ಮೇಲಿನ ಅರ್ಧ ಮಾತ್ರ ಬಡಿಸುವಂತಿತ್ತು. ಅಡುಗೆಯ ಭಟ್ಟರು ಯೋಗೀಶನ ಕೈಗೆ ಬಕೆಟು ಕೊಟ್ಟು, "ಅರ್ಧರ್ಧ ಸೌಟು ಹಾಕು, ಎಲ್ಲರಿಗೂ ಬರಬೇಕು" ಎಂದರು. ಯೋಗೀಶನಿಗೆ ಅದು ಶಿಕ್ಷೆ. ಅಭ್ಯಾಸಬಲದಿಂದ ಸೌಟು ತುಂಬ ಎತ್ತುವುದು, ನೆನಪಾಗಿ ನಿಲ್ಲುವುದು, ಅರ್ಧ ಬಕೆಟಿಗೆ ಮರಳಿ ಸುರಿಯುವುದು. ಮುಖ ಸಂಕಟದಿಂದ ಗಂಟಿಕ್ಕಿಕೊಂಡಿತ್ತು, ಆ ಹುಬ್ಬಿಗೆ ಅದು ಸಿಟ್ಟಿನಂತೆ ಕಾಣಿಸಿತು. ಭೀಮವ್ವನ ಎಲೆಯ ಮುಂದೆಯೂ ಹಾಗೆಯೇ ಆಯಿತು. ತುಂಬಿದ ಸೌಟು ಬಂತು, ನಿಂತಿತು, ಅರ್ಧ ವಾಪಸ್ ಹೋಯಿತು.

ಭೀಮವ್ವ ಕೈ ಝಾಡಿಸಿ ಎದ್ದು ನಿಂತಳು. "ಯಾಕಲೇ? ಕೊಡಾಕ ಬಂದದ್ದು ತಿರುಗಿ ಯಾಕ ಒಯ್ತಿ? ನೋಡ್ರೇ ಇವನ್ನ, ನಮ್ಮ ಸೈಟಿನ ಮುಕಾದಮನ ಗತೇನ ಅದಾನ!"

ಮುಕಾದಮ ಎಂದರೆ ಕೂಲಿಯವರ ಮೇಲಿನ ಮೇಸ್ತ್ರಿ. ಹಾಜರಿ ಹಾಕುವವನು, ಹೊತ್ತು ಮೀರಿ ದುಡಿಸಿಕೊಳ್ಳುವವನು, ಎದುರು ಮಾತಾಡಿದರೆ ನಾಳೆ ಬರಬೇಡ ಎನ್ನುವವನು. ಆ ಹೆಸರು ಬಿದ್ದದ್ದೇ ತಡ, ಇಡೀ ಪಂಕ್ತಿ ಎದ್ದಿತು. ಮುಕಾದಮಾ, ಹಾಕಲೇ ಪಾಯಸಾ ಎಂದು ಎಲೆಗೆ ಎಲೆ ಕೂಗಿತು. ಆ ಹಾಲಿನಲ್ಲಿ ರಿಂಗಿಗಾಗಿ ಯಾರೂ ಅಷ್ಟು ಗಂಟಲು ಹರಿದುಕೊಂಡಿರಲಿಲ್ಲ. ಯೋಗೀಶ ಬಕೆಟು ಅಪ್ಪಿಕೊಂಡು ಅಡುಗೆಮನೆಗೆ ಓಡಿದ. ಸುಧಾಕರ ನನ್ನ ಕೈ ಹಿಡಿದ.

"ಕೇಳಿದ್ರಾ ಚಿಕ್ಕಮ್ಮ?"

"ಕೇಳಿದೆ. ನನ್ನ ಇಂಗ್ಲಿಷನ್ನೆಲ್ಲ ಕಸದ ಬುಟ್ಟಿಗೆ ಹಾಕು."

ಮರುವಾರದಿಂದ ಎಲ್ಲ ತಲೆಕೆಳಗಾಯಿತು. ಮೊದಲು ಊಟ, ಆಮೇಲೆ ಕುಸ್ತಿ. ಊಟದಲ್ಲಿ ಮುಕಾದಮ ಖಾಕಿ ಷರ್ಟು ತೊಟ್ಟು, ಕೊರಳಿಗೆ ಸೀಟಿ ಹಾಕಿ, ಎಲ್ಲರಿಗೂ ಅರ್ಧರ್ಧ ಸೌಟು ಪಾಯಸ ಹಾಕುತ್ತಾನೆ. ಜನ ಉರಿದುಕೊಂಡು ರಿಂಗಿನ ಸುತ್ತ ಕೂರುತ್ತಾರೆ. ಮಲ್ಲಣ್ಣ ಅವನನ್ನು ಕೆಡವುತ್ತಾನೆ. ಕೆಡವಿದ ಮೇಲೆ ಎಲ್ಲರಿಗೂ ತುಂಬಿದ ಸೌಟಿನ ಎರಡನೆಯ ಪಾಯಸ. ದೊಡ್ಡ ಕಂಪನಿಗೆ ಬೆಂಕಿಯಿತ್ತು, ಪರದೆಯಿತ್ತು. ಆದರೆ ಸ್ಟೇಡಿಯಮ್ಮಿನ ಕೊನೆಯ ಸಾಲಿನವನ ಎಲೆಗೆ ಅವರ ವಿಲನ್ ಬಂದು ಕಡಿಮೆ ಬಡಿಸಲಾರ. ಮೆಚ್ಚುವುದಕ್ಕೆ ಟಿವಿ ಸಾಕು, ಬೈಯುವುದಕ್ಕೆ ಮಾತ್ರ ಮನುಷ್ಯ ಎದುರಿಗೆ ಬೇಕು.

ಒಪ್ಪದವನು ಯೋಗೀಶ ಒಬ್ಬನೇ. "ಬಡಿಸುವಾಗ ಕೈ ಹಿಂದೆ ತೆಗೀಬಾರದು ಅಂತ ನಮ್ಮಮ್ಮ ಹೊಡೆದು ಕಲಿಸಿದ್ದಾರೆ ಮಿಸ್. ಕತ್ತು ಬೇಕಾದರೆ ಹಿಸುಕ್ತೇನೆ, ಇದೊಂದು ಬೇಡ," ಎಂದು ಹೋಟೆಲಿನ ಹಿಂಬಾಗಿಲಲ್ಲಿ ಕಣ್ಣು ಒರೆಸಿಕೊಂಡ. ನಾನು ಅವನ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ನಿನಗೆ ಅದು ಪಾಪ ಅನ್ನಿಸುವುದಕ್ಕೇ ಅವರಿಗೆ ಅಷ್ಟು ಸಿಟ್ಟು ಬಂದದ್ದು. ಇನ್ನೊಬ್ಬ ಮಾಡಿದ್ದರೆ ಪಾಯಸ ಕಡಿಮೆಯಿದೆ ಅಂದುಕೊಂಡು ಸುಮ್ಮನಿರುತ್ತಿದ್ದರು. ಸೌಟು ಎತ್ತಿದ ಮೇಲೆ ಆ ಪಾಸ್ ಇನ್ನೂ ಸ್ವಲ್ಪ ಉದ್ದ ಕೊಡು. ಕೊನೆಗೆ ಎಲ್ಲರಿಗೂ ತುಂಬ ಸಿಗುತ್ತದಲ್ಲ, ಆ ಪುಣ್ಯ ನಿನ್ನದೇ."

ಅವನು ಎದ್ದು ಪಂಚೆ ಕೊಡವಿ, "ಗೋಡಂಬಿ ಮಾತ್ರ ವಾಪಸ್ ತೆಗೆಯೋದಿಲ್ಲ," ಎಂದು ಒಪ್ಪಿಕೊಂಡ.

ಗಣೇಶ ಚತುರ್ಥಿಯ ಹೊತ್ತಿಗೆ ಹಾಲ್ ಮುಕ್ಕಾಲು ತುಂಬುತ್ತಿತ್ತು. ಕಲ್ಯಾಣದಿಂದ ಭೀಮವ್ವ ಹೊಸ ಹೊಸ ಹೆಂಗಸರನ್ನು ಕರೆತರುತ್ತಿದ್ದಳು. ಆಫೀಸಿಗೆ ಹೋಗುವ ನಮ್ಮ ಕಡೆಯ ಸಂಸಾರಗಳೂ ಬರತೊಡಗಿದವು. ಅವರಿಗೆ ಮುಕಾದಮನಲ್ಲಿ ತಮ್ಮ ಬಾಸ್ ಕಾಣಿಸುತ್ತಿದ್ದನೋ, ಸೊಸೈಟಿಯ ಸೆಕ್ರೆಟರಿಯೋ, ದೇವರೇ ಬಲ್ಲ. ಕನ್ನಡ ಬಾಯಿಗೆ ಬಾರದ ಅವರ ಮಕ್ಕಳು ಮರಾಠಿಯಲ್ಲೇ ಬೈಯುತ್ತಿದ್ದರು. ಯೋಗೀಶ ಮಾತೇ ಆಡುತ್ತಿರಲಿಲ್ಲ. ಸೀಟಿ, ಹುಬ್ಬು, ಸೌಟು. ನನ್ನ ಸರ್ವೀಸಿನಲ್ಲಿ ಅಷ್ಟು ಒಳ್ಳೆಯ ಸ್ಟೂಡೆಂಟ್ ಸಿಕ್ಕಿರಲಿಲ್ಲ.

ಆಗಲೇ ದೊಡ್ಡ ಕಂಪನಿಯವರ ಕಣ್ಣು ಬಿತ್ತು. ಆದರೆ ಬಿದ್ದದ್ದು ಮಲ್ಲಣ್ಣನ ಮೇಲೆ. ಅವರ ಮನುಷ್ಯನೊಬ್ಬ ಬಂದು, ಆ ಮೈಕಟ್ಟು ನೋಡಿ, ಟಿವಿಗೆ ಬಾ ಎಂದು ಕರೆದ. ಮಲ್ಲಣ್ಣ ಮೂರು ದಿನ ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ನೌಪಾಡಾಕ್ಕೆ ಬಂದು ನನ್ನ ಕಾಲಿಗೆ ಬಿದ್ದ.

"ಮಿಸ್, ನಮ್ಮವ್ವ ಟಿವಿಯಾಗ ನೋಡ್ತಾಳ್ರಿ. ಹೋಗಲೇನ್ರಿ?"

"ಹೋಗಪ್ಪ. ಚೆನ್ನಾಗಿ ಆಡು. ಇಂಗ್ಲಿಷ್ ಬೇಕಾದರೆ ಫೋನ್ ಮಾಡು."

ಸುಧಾಕರನೂ ಅವನನ್ನು ತಡೆಯಲಿಲ್ಲ. ರಿಂಗಿನ ಹಗ್ಗ ಹಿಡಿದು ನಿಂತು, "ಅವರು ನಮ್ಮ ಹುಡುಗನನ್ನು ತಗೊಂಡದ್ದು ಅಂದ್ರೆ ನಾವು ಏನೋ ಸರಿ ಮಾಡಿದ್ದೇವೆ ಅಂತ ಅಲ್ವಾ ಚಿಕ್ಕಮ್ಮ?" ಎಂದು ನಗಲು ನೋಡಿದ. ನವರಾತ್ರಿಗೆ ಕೆಲವೇ ವಾರ ಉಳಿದಿತ್ತು. ನಮ್ಮಲ್ಲಿ ಕೆಡುಕ ಇದ್ದ, ಕೆಡವುವವನು ಇರಲಿಲ್ಲ. ಭೀಮವ್ವನ ಕಡೆಯವರು ಇನ್ನು ಬರುವರೇ ಎಂದು ಕೇಳಿದರೆ ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು. "ಮಲ್ಲ್ಯಾ ಹೋದರ ಹೋಗಲಿ ಬಿಡ್ರಿ. ವಾರಪೂರ್ತಿ ಬಾಯಿ ಮುಚ್ಚಿಕೊಂಡು ದುಡಿತೀವ್ರಿ. ಇವನ್ನ ಬೈದು ಹೋದರ ಸೋಮವಾರ ಮೈ ಹಗುರ ಇರ್ತದ."

ಮುಂಬ್ರಾದ ಜಿಮ್ಮಿನ ಹುಡುಗನೊಬ್ಬನನ್ನು ಹೀರೋ ಮಾಡಿ ಹೇಗೋ ಎರಡು ವಾರ ದಾಟಿಸಿದೆವು. ಕೊನೆಯ ಆದಿತ್ಯವಾರ ಬೆಳಿಗ್ಗೆ, ಮನೆಯಲ್ಲಿ ಬೇಡವೆನ್ನುತ್ತಿದ್ದಾರೆಂದು ಅವನೂ ಕೈಕೊಟ್ಟ. ಅದೇ ದಿನ ಹಾಲ್ ತುಂಬಿತು. ಮಹಾರಾಯ, ಎಂಥ ತುಂಬುವುದು! ಎಲೆ ಹಾಕಲು ಜಾಗವಿಲ್ಲದೆ ರಿಂಗಿನ ಅಡಿಯವರೆಗೂ ಪಂಕ್ತಿ ಕೂತಿತ್ತು. ಗೆಲ್ಲುವವನಿಲ್ಲದೆ ಎರಡನೆಯ ಪಾಯಸ ಬಡಿಸುವುದು ಹೇಗೆ, ಅದು ಬಾರದಿದ್ದರೆ ಈ ಜನ ನಮ್ಮನ್ನು ಉಳಿಸುತ್ತಾರೆಯೇ ಎಂದು ಸುಧಾಕರ ಅಡುಗೆಮನೆಯ ಬಾಗಿಲಲ್ಲಿ ಒದ್ದಾಡುತ್ತಿದ್ದ. ಅಷ್ಟರಲ್ಲಿ ಭಾಸ್ಕರ ಬಂದ. ಇಡೀ ಮಳೆಗಾಲ ಮೇಲೆ ಹತ್ತಿ ಬಾರದವನು ಇಸ್ತ್ರಿ ಹಾಕಿದ ಬಿಳಿ ಷರ್ಟು ತೊಟ್ಟು ಬಂದು, ಸಾಲುಗಳನ್ನು ಒಂದೊಂದಾಗಿ ನೋಡಿ, ಭೀಮವ್ವನ ಪಕ್ಕದ ಎಲೆಗೆ ಕೂತುಬಿಟ್ಟ. ಅವನು ಯಾರೆಂದು ಅವಳಿಗೆ ತಿಳಿಯದು. ಮುಕಾದಮನ ವಿಷಯ ಅವನಿಗೂ ಯಾರೂ ಹೇಳಿರಲಿಲ್ಲ.

ಯೋಗೀಶ ಪಾಯಸದ ಬಕೆಟು ಹಿಡಿದು ಆ ಸಾಲಿಗೆ ತಿರುಗಿದ. ಭೀಮವ್ವನಿಗೆ ಅರ್ಧ ಸೌಟು ಹಾಕಿದ. ಅವಳು ಶಾಪ ಹಾಕಿದಳು. ಮುಂದಿನ ಎಲೆ ಸಂಬಳ ಕೊಡುವ ಧನಿಯದು. ಯೋಗೀಶ ನನ್ನ ಕಡೆ ನೋಡಿದ. ನಾನು ಕಣ್ಣಲ್ಲೇ, ನಿಲ್ಲು, ಎಂದೆ. ಸೌಟು ತುಂಬ ಎತ್ತಿದ. ನಿಂತ. ಅಷ್ಟು ದೀರ್ಘವಾದ ಪಾಸ್ ನಾನು ಯಾವ ಸ್ಟೇಜಿನಲ್ಲೂ ನೋಡಿಲ್ಲ. ಆಮೇಲೆ ಅರ್ಧ ಮರಳಿ ಬಕೆಟಿಗೆ ಸುರಿದ.

ಭಾಸ್ಕರನ ಕಿವಿ ಕೆಂಪಾಯಿತು. "ಏಯ್! ಇದೆಂತ ಬಡಿಸೋ ಕ್ರಮ?"

"ನಿನಗೂ ಅಷ್ಟೇ ಏನಣ್ಣಾ?" ಎಂದು ಭೀಮವ್ವ ಮರುಗಿದಳು. "ಏಳಣ್ಣಾ, ಕೇಳು ಅವನ್ನ. ಬಿಡಬ್ಯಾಡ."

ಭಾಸ್ಕರ ಎದ್ದ. ನಾಟಕವಲ್ಲ, ನಿಜವಾದ ಸಿಟ್ಟು. ನನ್ನ ಅಕ್ಕ ಕಟ್ಟಿದ ಪಂಕ್ತಿಯಲ್ಲಿ ಒಬ್ಬ ಕೂಲಿ ಹೆಂಗಸಿನ ಎಲೆಯಿಂದ ಪಾಯಸ ಹಿಂದೆ ಹೋಗುವುದನ್ನು ಅವನು ಕಣ್ಣಾರೆ ಕಂಡಿದ್ದ. "ನನ್ನ ಹಾಲಿನಲ್ಲಿ ಯಾರಿಗೂ ಹೀಗೆ ಬಡಿಸಕೂಡದು! ಕೊಡು ಸೌಟು!"

ಯೋಗೀಶ ಸೌಟು ಬಿಡಲಿಲ್ಲ. ಆ ಮಳೆಗಾಲದಲ್ಲಿ ಮೊದಲ ಬಾರಿ ಮುಕಾದಮ ಬಾಯಿ ತೆರೆದ. "ಸೈಟು ನಂದು, ಸೌಟು ನಂದು. ಕೂತ್ಕೊಳ್ರೀ."

"ನಾನು ಮಾಲೀಕ ಕಣೋ!"

ಹಾಲಿನ ಮಾಡು ಹಾರಿಹೋಗುವಂಥ ಗದ್ದಲ. ಮುಕಾದಮನ ಮೇಲೆ ಮಾಲೀಕನೇ ಬಂದ ಎಂದು ಎಲೆ ಬಿಟ್ಟು ಎದ್ದರು, ಕುರ್ಚಿ ಹತ್ತಿದರು. ಭಾಸ್ಕರನಿಗೆ ಒಂದೂ ಅರ್ಥವಾಗಲಿಲ್ಲ. ಅವನು ಸೌಟಿನ ಹಿಡಿ ಹಿಡಿದು ಎಳೆದ, ಇನ್ನೊಂದು ಕೈಯಲ್ಲಿ ಯೋಗೀಶನ ಎದೆಯನ್ನು ಬರೀ ಹೀಗೆ, ಬಾಗಿಲು ತಳ್ಳುವಷ್ಟು, ತಳ್ಳಿದ. ಅಷ್ಟೇ ಸಾಕಾಯಿತು. ಯೋಗೀಶ ಗಾಳಿಗೆ ಹಾರಿದ. ಹಿಂದಕ್ಕೆ, ಬೆನ್ನ ಮೇಲೆ, ಕೈಯ ಬಕೆಟಿನ ಪಾಯಸವನ್ನೆಲ್ಲ ಚೆಲ್ಲಿಕೊಂಡು, ಕುರ್ಚಿಗಳ ಸಾಲನ್ನೇ ಕೆಡವಿಕೊಂಡು, ಧಡಾರನೆ ರಿಂಗಿನ ಕಂಬಕ್ಕೆ ಬಂದು ಬಿದ್ದು ಅಲುಗಾಡದೆ ಮಲಗಿದ. ಆ ವರ್ಷದ ಅತ್ಯುತ್ತಮ ಬೀಳುವಿಕೆ ಅದು.

"ಅಯ್ಯೋ ಯೋಗೀಶಾ!" ಭಾಸ್ಕರ ಬಿಳಿಚಿಕೊಂಡು ಓಡಿಹೋಗಿ ಬಗ್ಗಿದ. ನಾನೂ ಓಡಿದ್ದರಿಂದ ಮುಂದಿನದು ಕೇಳಿಸಿತು. ಯೋಗೀಶ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟಿದ: "ನನಗೇನೂ ಆಗ್ಲಿಲ್ಲ ಧನೀ. ಬಡಿಸಿ. ಬೇಗ ಬಡಿಸಿ."

ಭಾಸ್ಕರ ಒಂದು ಕ್ಷಣ ತಮ್ಮನ ಮುಖ ನೋಡಿದ. ಸುಧಾಕರ ಅಡುಗೆಮನೆಯ ಬಾಗಿಲಲ್ಲಿ ಕೈಮುಗಿದು ನಿಂತಿದ್ದ. ಆಮೇಲೆ ಭಾಸ್ಕರ ಆ ಬಾಗಿಲ ಬಳಿ ಎರಡನೆಯ ಸುತ್ತಿಗೆಂದು ಇಟ್ಟಿದ್ದ ತುಂಬಿದ ಬಕೆಟು ಎತ್ತಿಕೊಂಡ. ಭೀಮವ್ವನಿಂದ ಆರಂಭಿಸಿ ಸಾಲಿನ ಮೇಲೆ ಸಾಲು, ಸೌಟಿನ ಮೇಲೆ ಸೌಟು, ಸಾಕು ಎಂದವರಿಗೂ ಬಿಡದೆ, ತನ್ನ ತಾಯಿ ಬಡಿಸುತ್ತಿದ್ದ ಹಾಗೆ ಸ್ವಲ್ಪ ಬಾಗಿ, ಇಡೀ ಹಾಲಿಗೆ ಬಡಿಸಿದ. ಜನ ಮಾಲೀಕ, ಮಾಲೀಕ ಎಂದು ತಾಳ ಹಾಕುತ್ತಿದ್ದರು. ಕೌಂಟರಿನ ಹಿಂದೆಯೇ ಆಯುಷ್ಯ ಕಳೆದವನ ಮುಖದಲ್ಲಿ ಮದುಮಗನ ನಾಚಿಕೆ.

ಎಲೆ ಎತ್ತಿ, ನೆಲ ಒರೆಸುವ ಹೊತ್ತಿಗೆ ಅವನು ರಿಂಗಿನ ಅಂಚಿನಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಬಿಳಿ ಷರ್ಟಿನ ಮೇಲೆಲ್ಲ ಬೆಲ್ಲ.

"ಮುಂದಿನ ಆದಿತ್ಯವಾರ ನಾನು ಎಷ್ಟು ಹೊತ್ತಿಗೆ ಬರಬೇಕು?" ಎಂದು ಕೇಳಿದ.

ಸುಧಾಕರ ತಡವರಿಸಿದ. "ಅಣ್ಣ... ಇವತ್ತಿಗೆ ಮುಗೀತಲ್ಲ. ಕೋಚಿಂಗಿನವರು..."

"ಪಂಕ್ತಿ ಕೂರುವಲ್ಲಿ ಬೆಂಚು ಹಾಕುವ ಕ್ರಮ ನಮ್ಮಲ್ಲಿಲ್ಲ ಅಂತ ಹೇಳು ಅವರಿಗೆ." ಆಮೇಲೆ, ಕುರ್ಚಿ ಜೋಡಿಸುತ್ತಿದ್ದ ಯೋಗೀಶನ ಕಡೆ ತಿರುಗಿ ಗದರಿದ: "ಮತ್ತೆ ನೀನು, ಮುಂದಿನ ಸಲ ಹಾರುವ ಮೊದಲು ಬಕೆಟು ಕೆಳಗಿಡು ಮಾರಾಯ. ಅಷ್ಟು ಒಳ್ಳೆ ಪಾಯಸ ಚೆಲ್ಲಿಹೋಯಿತು."